ಪ್ರಾದ್ ಊರಿಗೆ ಬಂದ ಅತಿಥಿಗಳು

ಬೇಸಗೆಯೆಂದರೆ ನಮ್ಮ ನಾಡಿನಲ್ಲಿ ಸಂಗೀತದ ಕಾಲವೆಂದೇ ಹೇಳಬಹುದು. ಯುಗಾದಿಯು ಕಳೆಯುತ್ತಲೇ ಊರೂರುಗಳಲ್ಲಿ ರಾಮೋತ್ಸವದ ಚಪ್ಪರಗಳು ಏಳುತ್ತವೆ. ಪರಸ್ಥಳದ ವಿದ್ವಾಂಸರು ತಂಬೂರಿಗೆ ಗವಸು ತೊಡಿಸಿಕೊಂಡು ಬಂದಿಳಿಯುತ್ತಾರೆ. ಪಾನಕ ಕೋಸಂಬರಿಗಳೊಡನೆ ತೋಡಿ ಕಲ್ಯಾಣಿಗಳೂ ಹಂಚಲ್ಪಡುತ್ತವೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಮೊದಲಾದ ರಾಮನವಮಿಯ ಸಂಗೀತೋತ್ಸವವನ್ನು ವಾಚಕರಲ್ಲಿ ಅನೇಕರು ಬಲ್ಲರು. ಯೂರೋಪ್ ಖಂಡದಲ್ಲಿಯೂ ಇಂತಹ ಉತ್ಸವಗಳಿಗೆ ಬೇಸಗೆಯೇ ಕಾಲ. ಆದರೆ ಕಾರಣ ಮಾತ್ರ ಬೇರೆ. ಅಲ್ಲಿ ಮಹಾನಗರಗಳ ನಾಟಕಶಾಲೆಗಳೂ ದೊಡ್ಡ ವಾದ್ಯಮೇಳಗಳೂ ಶರತ್ಕಾಲದಿಂದ ವಸಂತದವರೆಗೆ ನಡೆದು, ಬೇಸಗೆಯಲ್ಲಿ ವಿಶ್ರಾಂತಿಯನ್ನು ತೆಗೆದುಕೊಳ್ಳುತ್ತವೆ. ಆಗ ಬಿಡುವಾದ ವಾದಕರು ಬೆಟ್ಟದ ತಪ್ಪಲಿನಲ್ಲಿಯೋ ಸರೋವರದ ತೀರದಲ್ಲಿಯೋ ಇರುವ ಚಿಕ್ಕ ಊರುಗಳಿಗೆ ಅತಿಥಿಗಳಾಗಿ ಹೋಗುತ್ತಾರೆ. ಹಗಲೆಲ್ಲ ಕೂಡಿ ಅಭ್ಯಾಸಮಾಡುತ್ತಾರೆ, ಸಂಜೆಗೆ ನುಡಿಸುತ್ತಾರೆ.

ಇಂತಹ ಉತ್ಸವಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಪಾಶ್ಚಾತ್ಯರು ‘ಕೋಣೆಯ ಸಂಗೀತ’ವೆಂದು ಕರೆಯುವ ಒಂದು ಬಗೆ. ರಾಜರ ಮತ್ತು ಶ್ರೀಮಂತರ ಮನೆಗಳ ಕೋಣೆಗಳಲ್ಲಿ ಹುಟ್ಟಿದುದರಿಂದ ಅದಕ್ಕೆ ಈ ಹೆಸರು. ಇಬ್ಬರಿಂದ ಎಂಟು ಒಂಬತ್ತು ಮಂದಿಯವರೆಗೆ ವಾದಕರು. ಒಬ್ಬೊಬ್ಬರ ಪಾಲಿಗೂ ಬೇರೆ ಬೇರೆ ಸ್ವರಪಂಕ್ತಿ. ಕೋಲು ಹಿಡಿದು ನಡೆಯಿಸುವ ನಾಯಕನಿಲ್ಲ. ನಮ್ಮ ಕಛೇರಿಯಲ್ಲಿ ಗಾಯಕನು ಪ್ರಧಾನ, ಪಿಟೀಲು ಮೃದಂಗಗಳು ಪಕ್ಕವಾದ್ಯ. ಇಲ್ಲಿಯಾದರೋ ಯಾರೂ ಪಕ್ಕವಾದ್ಯದವರಲ್ಲ, ಯಾರೂ ಕಡೆಯವರೆಗೆ ಪ್ರಧಾನರೂ ಅಲ್ಲ. ಒಬ್ಬನು ಮಾತನ್ನು ಎತ್ತುವನು, ಇನ್ನೊಬ್ಬನು ಅದನ್ನು ಮುಂದುವರಿಸುವನು, ಮೂರನೆಯವನು ಆಕ್ಷೇಪಿಸುವನು. ಹೀಗಿರುವುದರಿಂದ ನಾಲ್ಕು ದೇಶಗಳ ನಾಲ್ವರು ವಿದ್ವಾಂಸರು ಮೊದಲ ಬಾರಿಗೆ ಕೂಡಿದಾಗ, ಸ್ವರಗಳು ಬರೆದಿಟ್ಟವೇ ಆದರೂ, ಕೆಲಸವು ಸುಲಭವಲ್ಲ. ಕಮಾನನ್ನು ಮೇಲಕ್ಕೆ ಎಳೆಯುವುದೋ ಕೆಳಕ್ಕೆ ಎಳೆಯುವುದೋ ಎಂಬಲ್ಲಿಂದ ಎಲ್ಲವನ್ನೂ ಒಪ್ಪಂದ ಮಾಡಿಕೊಳ್ಳಬೇಕು. ಹೊರಡುವ ಗಳಿಗೆಯನ್ನು ಒಬ್ಬರು ಇನ್ನೊಬ್ಬರ ಉಸಿರಿನಿಂದಲೇ ತಿಳಿಯಬೇಕು.

ನನಗೆ ಈ ಸಂಗೀತದ ಪರಿಚಯವಾದುದು ಮುಪ್ಪಿನಲ್ಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಮೇಲೆ, ನನ್ನ ಹಳೆಯ ಶಿಷ್ಯನೊಬ್ಬನು ಕೆಲವು ಧ್ವನಿಮುದ್ರಿಕೆಗಳನ್ನು ತಂದುಕೊಟ್ಟು, “ಮೇಷ್ಟ್ರೇ, ಇದನ್ನು ಕೇಳಿರಿ, ರಾಗ ಹುಡುಕಬೇಡಿರಿ, ಸುಮ್ಮನೆ ಕೇಳಿರಿ” ಎಂದನು. ಅವು ಪ್ರಾದ್ ಎಂಬ ಊರಿನ ಬೇಸಗೆಯ ಉತ್ಸವದವು. ಆ ಉತ್ಸವದ ಕಥೆಯನ್ನು ತಿಳಿದ ಮೇಲೆ ಅದನ್ನು ಬರೆಯದಿರಲಾರದೆ ಹೋದೆನು.

ಫ್ರಾನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ, ಸ್ಪೇನಿಗೂ ಫ್ರಾನ್ಸಿಗೂ ನಡುವೆ ಗೋಡೆಯಂತೆ ನಿಂತಿರುವ ಪಿರಿನೀಸ್ ಪರ್ವತಶ್ರೇಣಿಯಲ್ಲಿ, 2,784 ಮೀಟರು ಎತ್ತರದ ಕಾನಿಗೂ ಎಂಬ ಶಿಖರವಿದೆ. ಅದರ ಬುಡದಲ್ಲಿ ಪೆರ್ಪಿನ್ಯಾನ್ ನಗರಕ್ಕೆ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿರುವ ಸಣ್ಣ ಊರೇ ಪ್ರಾದ್. ರಾಜ್ಯವು ಫ್ರೆಂಚರದಾದರೂ ಅಲ್ಲಿಯ ಜನರ ಹಳೆಯ ಭಾಷೆ ಕತಲಾನ್; ಗಡಿಯ ಆಚೆ ಬಾರ್ಸಿಲೋನಾ ನಗರದಲ್ಲಿ ಆಡುವುದೂ ಅದೇ ಭಾಷೆ. 1939ರಲ್ಲಿ ಈ ಊರಿಗೆ ಒಬ್ಬ ದೇಶಭ್ರಷ್ಟನು ಬಂದು ನೆಲೆಸಿದನು. ಆತನೇ ಪಾಬ್ಲೋ ಕಸಾಲ್ಸ್.

ಕಸಾಲ್ಸರು ಹುಟ್ಟಿದುದು 1876ರ ಡಿಸೆಂಬರ್ 29ರಂದು, ಕತಲಾನ್ ಸೀಮೆಯ ಎಲ್ ವೆಂದ್ರೆಲ್ ಎಂಬಲ್ಲಿ. ಅವರ ವಾದ್ಯ ಚೆಲ್ಲೋ. ಪಿಟೀಲಿನ ಜಾತಿಯದೇ, ಆದರೆ ಬಹು ದೊಡ್ಡದು. ಕುರ್ಚಿಯಲ್ಲಿ ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವರು. ಅದರ ಧ್ವನಿಯು ಮಂದ್ರಸ್ಥಾಯಿಯ ಗಂಡಸಿನ ಕಂಠದಂತೆ. ಹದಿಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನಾದ ಒಂದು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಈ ಹುಡುಗನಿಗೆ ಬಾಖ್ ಎಂಬ ಜರ್ಮನ್ ಮಹಾಶಯನು ಒಂಟಿ ಚೆಲ್ಲೋವಿಗಾಗಿ ರಚಿಸಿದ್ದ ಆರು ಕೃತಿಮಾಲಿಕೆಗಳು ಸಿಕ್ಕಿದುವು. ಆ ಕಾಲದಲ್ಲಿ ಜನರು ಅವುಗಳನ್ನು ಬೆರಳಿನ ಸಾಧನೆಗೆ ತಕ್ಕ ಪಾಠಗಳೆಂದೇ ತಿಳಿದಿದ್ದರು. ನಮ್ಮ ಸರಳೆ ಜಂಟಿವರಸೆಗಳ ಹಾಗೆ. ಕಸಾಲ್ಸರು ಅವುಗಳನ್ನು ಹನ್ನೆರಡು ವರ್ಷಕಾಲ ಮನೆಯಲ್ಲಿಯೇ ಸಾಧಿಸಿ ಆಮೇಲೆ ಸಭೆಗೆ ತಂದರು. ಇಂದು ಆ ವಾದ್ಯವನ್ನು ಕಲಿಯುವವರಿಗೆ ಅವು ವೇದದಂತಾಗಿವೆ.

1936ರ ಜುಲೈ 18ರ ಸಂಜೆ ಬಾರ್ಸಿಲೋನಾದಲ್ಲಿ ಅವರು ತಮ್ಮ ವಾದ್ಯಮೇಳದವರಿಗೂ ಹಾಡುಗಾರರಿಗೂ ಬೀಥೋವನ್ನನ ಒಂಬತ್ತನೆಯ ಮಹಾಕೃತಿಯ ಅಭ್ಯಾಸವನ್ನು ನಡೆಯಿಸುತ್ತಿದ್ದರು. ನಡುವೆ ಒಬ್ಬ ದೂತನು ಓಡಿಬಂದು, ದಂಡಾಳುಗಳು ದಂಗೆಯೆದ್ದಿರುವರೆಂದೂ ಕೂಡಲೆ ಚೆದರಬೇಕೆಂದೂ ತಿಳಿಸಿದನು. ಇನ್ನು ಯಾವಾಗ ಕೂಡುವೆವೋ ತಿಳಿಯದೆಂದು ಅವರೆಲ್ಲರೂ ಕಡೆಯ ಭಾಗವನ್ನು ಹಾಡಿ ಮುಗಿಸಿಯೇ ಮನೆಗಳಿಗೆ ಹೋದರು. ಮೂರು ವರ್ಷದ ಅಂತರ್ಯುದ್ಧವಾಯಿತು. ಸೇನಾಪತಿ ಫ್ರಾಂಕೋ ಗೆದ್ದು ಸರ್ವಾಧಿಕಾರಿಯಾದನು. ಸೋತವರು ಲಕ್ಷಗಟ್ಟಲೆಯಾಗಿ ಪರ್ವತವನ್ನು ದಾಟಿ ಫ್ರಾನ್ಸಿಗೆ ಬಂದು, ಸಮುದ್ರತೀರದ ಮರಳಿನ ಮೇಲೆ ಮುಳ್ಳುತಂತಿಯ ಬೇಲಿಯೊಳಗೆ ಬಿದ್ದಿದ್ದರು. ಕಸಾಲ್ಸರು ಪ್ರಾದ್‌ನಲ್ಲಿ ಕುಳಿತು ಅವರಿಗಾಗಿ ಲೋಕದ ನಾನಾ ಕಡೆಗಳಿಗೆ ಕಾಗದಗಳನ್ನು ಬರೆದು, ಹಣ ಬಟ್ಟೆಗಳನ್ನು ತರಿಸಿ ಹಂಚಿದರು. ಜರ್ಮನರು ಆ ಸೀಮೆಯನ್ನು ಆಕ್ರಮಿಸಿದಾಗ ಬರ್ಲಿನ್ನಿಗೆ ಬಂದು ನುಡಿಸಬೇಕೆಂದು ಕರೆದರು, ಅವರು ಹೋಗಲಿಲ್ಲ.

1945ರಲ್ಲಿ ಮಹಾಯುದ್ಧವು ಮುಗಿದು ಹಿಟ್ಲರನೂ ಮುಸೋಲಿನಿಯೂ ನಾಶವಾದರು. ಗೆದ್ದ ರಾಷ್ಟ್ರಗಳು ಫ್ರಾಂಕೋವನ್ನು ಮಾತ್ರ ಹಾಗೆಯೇ ಉಳಿಸಿದುವು. ಆ ವರ್ಷ ಇಂಗ್ಲೆಂಡಿನಲ್ಲಿ ಕೆಲವು ಕಛೇರಿಗಳನ್ನು ಮಾಡುತ್ತಿದ್ದ ಕಸಾಲ್ಸರಿಗೆ ಇದು ಸಹಿಸಲಿಲ್ಲ. ತನ್ನ ದೇಶಕ್ಕೆ ಸ್ವಾತಂತ್ರ್ಯವು ಬರುವವರೆಗೆ ಸಭೆಯಲ್ಲಿ ನುಡಿಸುವುದಿಲ್ಲವೆಂದು ಹೇಳಿ ಪ್ರಾದ್‌ಗೆ ಹಿಂದಿರುಗಿಬಿಟ್ಟರು. ಬೆಳಗ್ಗೆ ಎದ್ದು ಪಿಯಾನೊದ ಮೇಲೆ ಬಾಖನ ಒಂದೆರಡು ಕೃತಿಗಳು, ಆಮೇಲೆ ಚೆಲ್ಲೋ ಸಾಧನೆ, ಕೆಲವರಿಗೆ ಪಾಠ, ರಾಶಿ ಕಾಗದಗಳಿಗೆ ಉತ್ತರ. ಹಣ ಕೊಡುವೆವೆಂದು ಬಂದವರೆಲ್ಲರೂ ಬಂದ ದಾರಿಯನ್ನು ಹಿಡಿದರು.

ಇಲ್ಲಿ ನನ್ನ ಊರಿನ ಒಂದು ಸಂಗತಿಯನ್ನು ಹೇಳಬೇಕೆಂದು ಮನಸ್ಸಾಗುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಪಿಟೀಲು ವಿದ್ವಾಂಸರಿದ್ದರು. ಸಂಭಾವನೆ ಕೊಡುವಾಗ ದೇವಸ್ಥಾನದ ಧರ್ಮದರ್ಶಿಯೊಬ್ಬನು ಆಡಿದ ಒಂದು ಹಗುರವಾದ ಮಾತಿಗಾಗಿ ಅವರು ಪಿಟೀಲನ್ನು ಗೂಟಕ್ಕೆ ತೂಗುಹಾಕಿದರು. ಮತ್ತೆ ಊರಿನಲ್ಲಿ ನುಡಿಸಲಿಲ್ಲ. ಪ್ರತಿ ವರ್ಷವೂ ವೈಶಾಖದ ರಥೋತ್ಸವಕ್ಕೆ ಬಂದ ವಿದ್ವಾಂಸರು ಮಾರನೆಯ ಬೆಳಗ್ಗೆ ತಪ್ಪದೆ ಅವರ ಮನೆಗೆ ಹೋಗುವರು. ಅವರು ಜಗಲಿಯಲ್ಲಿ ಚಾಪೆ ಹಾಸಿ, ಕಾಫಿ ಕೊಟ್ಟು, ಬಂದವರಿಂದ ಹಾಡಿಸಿ ಕೇಳುವರು. ತಾವು ಮಾತ್ರ ಗೂಟದ ಕಡೆಗೆ ನೋಡರು. ಒಂದು ವರ್ಷ ಮದರಾಸಿನಿಂದ ಬಂದಿದ್ದ ಮುದುಕ ಮೃದಂಗ ವಿದ್ವಾಂಸರು, ನಮ್ಮವರು ಹಿಂದೆ ಇಟ್ಟುಕೊಳ್ಳುತ್ತಿದ್ದ ಶ್ರುತಿಯನ್ನು ನೆನಪಿನಿಂದಲೇ ಮೃದಂಗಕ್ಕೆ ಸೇರಿಸಿ, ಅದನ್ನು ಮಡಿಲಿನಲ್ಲಿಟ್ಟುಕೊಂಡು ಸುಮ್ಮನೆ ಕುಳಿತುಬಿಟ್ಟರು. ಒಂದು ಮಾತಿಲ್ಲ. ಅರ್ಧ ಗಂಟೆಯಾಗಿರಬಹುದು. ನಮ್ಮವರು ಎದ್ದು ಪಿಟೀಲನ್ನು ಇಳಿಸಿದರು. ಎರಡು ತಂತಿಗಳು ಹರಿದಿದ್ದುವು. ಉಳಿದ ಎರಡರಲ್ಲಿಯೇ ನುಡಿಸಿದರು. ಯಾವ ರಾಗವೋ ನನಗೆ ನೆನಪಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡುದು ಮಾತ್ರ ನೆನಪಿದೆ.

ಪ್ರಾದ್‌ನಲ್ಲಿ ಆದುದೂ ಹೆಚ್ಚು ಕಡಮೆ ಇದೇ. ಬುಡಾಪೆಸ್ಟ್ ಚತುರ್ವಾದ್ಯ ಗೋಷ್ಠಿಯಲ್ಲಿ ಬಹುಕಾಲ ಎರಡನೆಯ ಪಿಟೀಲನ್ನು ನುಡಿಸಿದ್ದ ಅಲೆಕ್ಸಾಂಡರ್ ಷ್ನೈಡರ್ ಎಂಬವರು ಬಾಖನ ಕೃತಿಗಳ ವಿಷಯವಾಗಿ ತಿಳಿಯಲು ಕಸಾಲ್ಸರ ಬಳಿಗೆ ಬಂದಿದ್ದರು. ಅಮೆರಿಕಕ್ಕೆ ಬರಬೇಕೆಂದು ಬೇಡಿದರು, ಆಗದೆಂದರು. 1950ಕ್ಕೆ ಬಾಖನು ತೀರಿ ಇನ್ನೂರು ವರ್ಷ ತುಂಬುತ್ತಿದ್ದಿತು. ಕಸಾಲ್ಸರ ಹಳೆಯ ಸ್ನೇಹಿತರಾದ ಹೊರ್ಷೋವ್‌ಸ್ಕಿ ಎಂಬ ಪೋಲಿಷ್ ಪಿಯಾನೊ ವಿದ್ವಾಂಸರು ಒಂದು ಉಪಾಯವನ್ನು ಸೂಚಿಸಿದರೆಂದು ಹೇಳುತ್ತಾರೆ: ಅವರು ಬರದಿದ್ದರೆ ನಾವೇ ಹೋಗೋಣ. ಷ್ನೈಡರರು ಇದನ್ನು ಕಸಾಲ್ಸರಿಗೆ ಅರಿಕೆ ಮಾಡಿದರು. ಬಾಖನ ಹೆಸರಿಗೆ ಅವರು ಇಲ್ಲವೆನ್ನಲಾರದೆ ಹೋದರು.

1950ರ ಜೂನ್ 2ರಂದು ಪ್ರಾದ್‌ನ ಸಂತ ಪೀಟರನ ಇಗರ್ಜಿಯಲ್ಲಿ ಉತ್ಸವವು ಆರಂಭವಾಯಿತು. ಒಳಗೆ ಗರ್ಭಗುಡಿಯ ಗೋಡೆಯನ್ನೆಲ್ಲ ಮುಚ್ಚುವಂತೆ ಮುನ್ನೂರು ವರ್ಷದ ಹಿಂದಿನ ಕೆತ್ತನೆಯ ಮರದ ಕೆಲಸ. ಅದಕ್ಕೆ ಚಿನ್ನದ ಮುಲಾಮು. ದೇವರ ಮನೆಯಾದುದರಿಂದ ಚಪ್ಪಾಳೆ ತಟ್ಟಕೂಡದು. ಎಪ್ಪತ್ತುಮೂರು ವರ್ಷದ, ಕುಳ್ಳಾದ, ಬೋಳುತಲೆಯ ಮುದುಕರು ವಾದ್ಯವನ್ನು ಹಿಡಿದು ಒಳಗೆ ಬರಲು, ಸಭೆಯೆಲ್ಲವೂ ಸದ್ದಿಲ್ಲದೆ ಎದ್ದು ನಿಂತಿತು. ಅವರು ಕುಳಿತು ಬಾಖನ ಕೃತಿಮಾಲಿಕೆಯನ್ನು ಒಂಟಿಯಾಗಿ ನುಡಿಸಿದರು.

ಬಂದ ಅತಿಥಿಗಳ ಪಟ್ಟಿಯನ್ನು ನೋಡಿದರೆ ಒಂದು ವಿಶೇಷವು ಕಾಣುತ್ತದೆ. ‘ಅತಿಥಿ’ ಎಂಬ ಶಬ್ದಕ್ಕೆ ತಿಥಿಯನ್ನು ಗೊತ್ತುಮಾಡದೆ ಬರುವವನೆಂದು ಲೋಕದಲ್ಲಿ ಅರ್ಥ ಹೇಳುವುದುಂಟು. ಸದಾ ಸಂಚರಿಸು ಎಂಬ ಅರ್ಥದ ‘ಅತ್’ ಧಾತುವಿನಿಂದ ಅದನ್ನು ಸಾಧಿಸುವವರೂ ಉಂಟು. ಪ್ರಾದ್‌ಗೆ ಬಂದವರಿಗೆ ಈ ಎರಡನೆಯ ಅರ್ಥವೇ ಒಪ್ಪುತ್ತದೆ. ಷ್ನೈಡರರು ವಿಲ್ನಾ ನಗರದ ಯೆಹೂದ್ಯರು. ಹೊರ್ಷೋವ್‌ಸ್ಕಿಯವರು ಯುದ್ಧದ ಕಾಲದಲ್ಲಿ ಇಟಲಿಯನ್ನು ಬಿಟ್ಟು ಅಮೆರಿಕಕ್ಕೆ ಹೋದವರು. ಬೊಹೀಮಿಯದಲ್ಲಿ ಹುಟ್ಟಿದ ರುಡಾಲ್ಫ್ ಸೆರ್ಕಿನ್ನರಿಗೆ ಹಿಟ್ಲರನ ಆಳಿಕೆಯಲ್ಲಿ ಜರ್ಮನಿಯ ವೇದಿಕೆಗಳು ಮುಚ್ಚಿಹೋಗಿದ್ದುವು. ಪಿಟೀಲಿನ ಜೋಸೆಫ್ ಸಿಗೆಟಿ ಹಂಗೆರಿಯವರು. 1940ರಲ್ಲಿ ಅಮೆರಿಕ ಸೇರಿದವರು. ಐಸಾಕ್ ಸ್ಟರ್ನ್ ಎಳೆಗೂಸಾಗಿದ್ದಾಗಲೇ ತಾಯಿತಂದೆಗಳು ಪೂರ್ವ ಯೂರೋಪನ್ನು ಬಿಟ್ಟು ಕಡಲು ದಾಟಿದ್ದರು. ರುಮೇನಿಯದ ಕ್ಲಾರಾ ಹಾಸ್ಕಿಲ್ ಎಂಬ ಪಿಯಾನೊ ವಿದುಷಿ, ಜರ್ಮನರು ಪ್ಯಾರಿಸನ್ನು ಹಿಡಿದ ಮೇಲೆ ಮಾರ್ಸೇಲ್‌ಗೆ ಓಡಿ, 1942ರಲ್ಲಿ ಅಲ್ಲಿ ಕಣ್ಣಿನ ನರದ ಮೇಲೆ ಬೆಳೆದಿದ್ದ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕಡೆಗೆ ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಪಡೆದು ಬದುಕಿದವರು. ಮನೆಯನ್ನು ಕಳೆದುಕೊಂಡವರು ಮನೆಯನ್ನು ಕಳೆದುಕೊಂಡವನ ಮನೆಗೆ ಅತಿಥಿಗಳಾಗಿ ಬಂದಿದ್ದರು. ಎಲ್ಲರೂ ಹೀಗೆಯೇ ಎಂದಲ್ಲ. ಅಮೆರಿಕದ ತರುಣ ಪಿಯಾನೊ ವಾದಕ ಯೂಜೀನ್ ಇಸ್ಟೊಮಿನ್, ಕೊಳಲಿನ ಜಾನ್ ವುಮ್ಮರ್, ಫ್ರೆಂಚರಲ್ಲಿ ಚೆಲ್ಲೋವಿನ ಪೋಲ್ ತೊರ್ತೆಲಿಯೆ, ಓಬೋ ಎಂಬ ಊದುವ ವಾದ್ಯದ ಮಾರ್ಸೆಲ್ ತಾಬ್ಯುತೊ ಮುಂತಾದವರೂ ಇದ್ದರು.

ಬಾಖನ ಬ್ರಾಂಡೆನ್‌ಬುರ್ಗ್ ಕೃತಿಗಳಲ್ಲಿ ಎರಡನೆಯದಕ್ಕೆ ಬಹು ಎತ್ತರದ ಸ್ಥಾಯಿಯಲ್ಲಿ ನುಡಿಯುವ ತುತ್ತೂರಿ ಬೇಕು. ಅದು ನುಡಿಸುವವನ ಪ್ರಾಣ ತೆಗೆಯುವ ಪಾಲು. ಆ ಪಾಲನ್ನು ಮಾರ್ಸೆಲ್ ಮ್ಯೂಲ್ ಎಂಬ ಫ್ರೆಂಚ್ ವಿದ್ವಾಂಸರು ಸ್ಯಾಕ್ಸೊಫೋನಿನಲ್ಲಿ ನುಡಿಸಿದರು. ಬಾಖನ ಕಾಲಕ್ಕೆ ಆ ವಾದ್ಯವು ಹುಟ್ಟಿಯೇ ಇರಲಿಲ್ಲ! ಶಾಸ್ತ್ರಿಗಳಾದವರು ಮೂಗು ಮುರಿಯಬಹುದು. ಪರದೇಶದ ಪಿಟೀಲು ನಮ್ಮ ಕಛೇರಿಗಳಿಗೆ ಬಂದು ನಮ್ಮದೇ ಆದುದನ್ನು ಕಂಡಿರುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ಕಸಾಲ್ಸರು ಅತಿಥಿಗಳಿಗೆ ಕಲಿಸಿದ ಒಂದು ವಿಷಯವು ನಮ್ಮವರಿಗೆ ಬೇಗ ತಿಳಿಯುವಂತಹುದು; ಆದುದರಿಂದ ಅದನ್ನು ಕೊಂಚ ವಿಸ್ತರಿಸುತ್ತೇನೆ. ಪಿಯಾನೊದಲ್ಲಿ ಸ್ಥಾಯಿಯೊಂದನ್ನು ಹನ್ನೆರಡು ಸಮಭಾಗಗಳಾಗಿ ಹಂಚಿ ಮನೆಗಳನ್ನು ಕಟ್ಟಿರುತ್ತಾರೆ. ನಮ್ಮ ಹಾರ್ಮೋನಿಯಂ ಹಾಗೆಯೇ. ಸ್ವರವನ್ನು ಅತ್ತಿತ್ತ ಸರಿಸುವಂತಿಲ್ಲ. ತಂತಿವಾದ್ಯದವರಿಗಾದರೋ ಸ್ವಾತಂತ್ರ್ಯವುಂಟು, ಆದರೂ ಬಹು ಮಂದಿ ಪಾಶ್ಚಾತ್ಯ ವಾದಕರು ಪಿಯಾನೊದ ಸ್ಥಾನಗಳಿಗೇ ಕಿವಿಯನ್ನು ಒಗ್ಗಿಸಿಕೊಂಡಿದ್ದರು. ಕಸಾಲ್ಸರ ಮತವು ಬೇರೆ. ಮೇಲಿನ ಷಡ್ಜಕ್ಕೆ ಏರಲು ಹೊರಟ ನಿಷಾದವು ಆ ಷಡ್ಜದ ಆಕರ್ಷಣೆಗೆ ಒಳಗಾಗಿ ಅದರ ಮಗ್ಗುಲಿಗೆ ಇನ್ನಷ್ಟು ಸರಿಯಬೇಕು. ಇಳಿಯಲು ಹೊರಟ ಸ್ವರವು ಕೆಳಕ್ಕೆ ವಾಲಬೇಕು. ಸ್ವರದ ಸ್ಥಾನವನ್ನು ನಿರ್ಣಯಿಸುವುದು ಅದು ಹೋಗುತ್ತಿರುವ ದಿಕ್ಕು. ಇದನ್ನು ಅವರು ಶಿಷ್ಯರಿಂದಲೂ ಅತಿಥಿಗಳಿಂದಲೂ ಮತ್ತೆ ಮತ್ತೆ ಮಾಡಿಸುವರು. ಜಗತ್ಪ್ರಸಿದ್ಧರಾದ ವಾದಕರು ಒಂದು ಸ್ವರಕ್ಕಾಗಿ ಪಾಠಶಾಲೆಯ ಮಕ್ಕಳಂತೆ ಕುಳಿತು ತಿದ್ದಿಕೊಳ್ಳುತ್ತಿದ್ದರೆಂಬುದನ್ನು ಓದಿದಾಗ ಮೇಷ್ಟ್ರಾದ ನನಗೆ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಗಮಕ ಶ್ರುತಿಭೇದಗಳಲ್ಲಿ ಬೆಳೆದ ನಮ್ಮ ವೈಣಿಕನೊಬ್ಬನು ಆ ಕೋಣೆಯಲ್ಲಿ ಇದ್ದಿದ್ದರೆ ‘ಭಲೆ’ ಎನ್ನದೆ ಇರುತ್ತಿರಲಿಲ್ಲ.

ಬಾಖನ ವರ್ಷಕ್ಕೆಂದು ಹುಟ್ಟಿದ ಉತ್ಸವವು ಒಂದೇ ಬೇಸಗೆಗೆ ನಿಲ್ಲಲಿಲ್ಲ. 1951ರಲ್ಲಿ ಪೆರ್ಪಿನ್ಯಾನ್‌ನ ಹಳೆಯ ಅರಮನೆಯಲ್ಲಿ ನಡೆದು, 1952ರಲ್ಲಿ ಪ್ರಾದ್‌ಗೆ ಮರಳಿತು. ಊರ ಹೊರಗೆ ಸಂತ ಮೈಕೇಲನ ಹೆಸರಿನ ಕ್ಯೂಷಾ ಮಠವಿದೆ. ಸಾವಿರ ವರ್ಷದ ಕಟ್ಟಡ. ಅದರ ಕೆತ್ತನೆಯ ಕಂಬಗಳಲ್ಲಿ ಬಹುಭಾಗವನ್ನು ಹಿಂದೆ ಯಾರೋ ಕೊಂಡು ಸಾಗಿಸಿ, ಅವು ಈಗ ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಉಳಿದ ಆ ಮಠದ ಗೋಡೆಗಳ ನಡುವೆ ಕೋಣೆಯ ಸಂಗೀತವು ನೆಲೆಗೊಂಡಿತು. ಅತಿಥಿಗಳಲ್ಲಿ ಮೈರಾ ಹೆಸ್ ಎಂಬ ಆಂಗ್ಲ ಮಹಿಳೆಯೂ ಸೇರಿದರು. ಯುದ್ಧಕಾಲದ ಲಂಡನಿನಲ್ಲಿ, ಚಿತ್ರಗಳನ್ನೆಲ್ಲ ಬೇರೆಡೆಗೆ ಸಾಗಿಸಿ ಬರಿದಾಗಿದ್ದ ಚಿತ್ರಶಾಲೆಯಲ್ಲಿ, ದಿನವೂ ಮಧ್ಯಾಹ್ನ ಸಂಗೀತವನ್ನು ಏರ್ಪಡಿಸಿ ಜನರಿಗೆ ಧೈರ್ಯ ತುಂಬಿದವರು ಈಕೆಯೇ.

1952ರ ಪ್ರಾದ್‌ನ ಮುದ್ರಿಕೆಗಳಲ್ಲಿ ಷೂಬರ್ಟನ ಪಂಚವಾದ್ಯ ಕೃತಿಯೊಂದಿದೆ. ಷೂಬರ್ಟನು ಇದನ್ನು ರಚಿಸಿದುದು 1828ರಲ್ಲಿ. ಆ ವರ್ಷದ ನವೆಂಬರಿನಲ್ಲಿಯೇ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೃತಿಯು ಸಭೆಯಲ್ಲಿ ಕೇಳಿಬಂದುದು 1850ರಲ್ಲಿ. ಎರಡು ಪಿಟೀಲು, ಅವಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲ ಒಂದು, ಚೆಲ್ಲೋ ಎರಡು. ಪ್ರಾದ್‌ನಲ್ಲಿ ಪಿಟೀಲುಗಳನ್ನು ಸ್ಟರ್ನ್ ಮತ್ತು ಷ್ನೈಡರ್, ವಿಯೋಲವನ್ನು ಮಿಲ್ಟನ್ ಕಾಟಿಮ್ಸ್, ಚೆಲ್ಲೋಗಳನ್ನು ಕಸಾಲ್ಸ್ ಮತ್ತು ತೊರ್ತೆಲಿಯೆ ನುಡಿಸಿದರು. ಸ್ಟರ್ನರಿಗೆ ವಯಸ್ಸು ಮೂವತ್ತು ದಾಟಿದ್ದಿತು, ಕಸಾಲ್ಸರಿಗೆ ಎಪ್ಪತ್ತೈದು. ಎರಡನೆಯ ಭಾಗವನ್ನು ಕೇಳಬೇಕು. ನಡುವಿನ ಮೂವರು ಉದ್ದವಾದ ಸ್ವರಗಳನ್ನು ಉಸಿರು ಬಿಗಿಹಿಡಿದಂತೆ ನಿಲ್ಲಿಸಿರುತ್ತಾರೆ. ಕೆಳಗೆ ಒಂದು ಚೆಲ್ಲೋ ಕಮಾನನ್ನು ಬಿಟ್ಟು ಬೆರಳಿನಿಂದ ತಂತಿಯನ್ನು ಮೀಟುತ್ತದೆ. ಮೇಲೆ ಮೊದಲನೆಯ ಪಿಟೀಲು ಅರ್ಧರ್ಧ ಮಾತನ್ನು ಆಡಿ ನಿಲ್ಲಿಸುತ್ತದೆ. ಯಾರೂ ತನ್ನನ್ನು ಮುಂದುಮಾಡಿಕೊಳ್ಳುವುದಿಲ್ಲ. ನಡುವೆ ಒಮ್ಮೆಲೆ ಬಿರುಗಾಳಿ ಎದ್ದಂತಾಗಿ, ಮತ್ತೆ ಮೊದಲಿನ ಶಾಂತಿ ಬರುತ್ತದೆ. ಆದರೆ ಮೊದಲಿನ ಹಾಗಲ್ಲ, ಜ್ವರ ಬಿಟ್ಟ ಮೈಯಂತೆ.

ಈ ಎಲ್ಲವನ್ನೂ ಒಬ್ಬ ಸ್ನೇಹಿತರಿಗೆ ಹೇಳಿದಾಗ ಅವರು ಒಂದು ಆಕ್ಷೇಪವನ್ನು ಎತ್ತಿದರು. ಫ್ರಾಂಕೋವಿನ ಸರಕಾರವನ್ನು ಫ್ರಾನ್ಸ್ ದೇಶವೂ 1939ರಲ್ಲಿಯೇ ಒಪ್ಪಿಕೊಂಡಿತ್ತಲ್ಲವೆ? ಆ ನೆಲದಲ್ಲಿ ನುಡಿಸಿದ ಮೇಲೆ ವ್ರತವೆಲ್ಲಿ ಉಳಿಯಿತು? ಮುಂದೆ 1961ರ ನವೆಂಬರ್ 13ರಂದು ಕಸಾಲ್ಸರು ಅಮೆರಿಕದ ಅಧ್ಯಕ್ಷ ಕೆನೆಡಿಯವರ ಶ್ವೇತಭವನದಲ್ಲಿಯೂ ನುಡಿಸಿದರು. ಜತೆಗೆ ಅದೇ ಷ್ನೈಡರ್, ಅದೇ ಹೊರ್ಷೋವ್‌ಸ್ಕಿ. ಅಮೆರಿಕವೂ ಫ್ರಾಂಕೋವಿನ ಮಿತ್ರನಾಗಿದ್ದಿತು. ಆಕ್ಷೇಪವು ಸುಳ್ಳಲ್ಲ, ತರ್ಕದಿಂದ ನೋಡಿದರೆ ವ್ರತಭಂಗವೇ. ನಾನು ಬಹುಕಾಲ ಶಿಸ್ತಿನ ಮೇಷ್ಟ್ರಾಗಿದ್ದವನು. ನಿಯಮ ಮುರಿದವರಲ್ಲಿ ನನಗೆ ಸಹನೆ ಕಡಮೆ. ಆದರೂ ಇಲ್ಲಿ ನನ್ನ ತೀರ್ಪು ಬೇರೆಯಾಗಿದೆ. ಅವರು ಮೌನ ಹಿಡಿದ ಐದು ವರ್ಷಗಳಿಂದ ಫ್ರಾಂಕೋವಿಗೆ ಒಂದು ಕೂದಲೂ ಕೊಂಕಲಿಲ್ಲ. ನಷ್ಟವಾದುದು ಕೇಳಬೇಕಾಗಿದ್ದವರಿಗೆ, ಕಲಿಯಬೇಕಾಗಿದ್ದ ತರುಣರಿಗೆ. ಹಾಗೆಂದು ಮೌನವು ವ್ಯರ್ಥವೆಂದೂ ಹೇಳಲಾರೆ. ಅವರು ಲಂಡನ್ ನ್ಯೂಯಾರ್ಕುಗಳಲ್ಲಿ ಮೊದಲಿನಂತೆಯೇ ನುಡಿಸುತ್ತಿದ್ದರೆ, ಇಷ್ಟು ಮಂದಿ ವಿದ್ವಾಂಸರು ವಾದ್ಯಗಳನ್ನು ಹೊತ್ತು ಒಂದು ಬೆಟ್ಟದ ಊರಿಗೆ ಬರುತ್ತಿರಲಿಲ್ಲ. ಸ್ನೇಹಿತರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಪ್ರಾದ್‌ಗೆ ಬಂದ ಸೆರ್ಕಿನ್ನರು ಅಮೆರಿಕದ ವರ್ಮಾಂಟ್ ಸೀಮೆಯ ಮಾರ್ಲ್‌ಬರೋ ಎಂಬಲ್ಲಿ 1951ರಲ್ಲಿ ಮೊದಲಾದ ಇನ್ನೊಂದು ಬೇಸಗೆಯ ಸಂಗೀತ ಗೋಷ್ಠಿಯ ಸ್ಥಾಪಕರಲ್ಲಿ ಒಬ್ಬರು. ಅಲ್ಲಿ ಹೆಸರಾದವರೂ ಹೊಸಬರೂ ಒಂದೇ ಪಂಕ್ತಿಯಲ್ಲಿ ಕುಳಿತು ನುಡಿಸುವರು. 1960ರಿಂದ ಕಸಾಲ್ಸರೇ ಅಲ್ಲಿಗೆ ಬೇಸಗೆಯ ಅತಿಥಿಗಳಾಗಿ ಹೋಗತೊಡಗಿದರು. ಅಷ್ಟರೊಳಗಾಗಿ ಅವರು ತಾಯಿಯ ಹುಟ್ಟೂರಿದ್ದ ಪೋರ್ಟೊ ರಿಕೊ ದ್ವೀಪದಲ್ಲಿ ನೆಲೆಸಿದ್ದರು. 1973ರ ಅಕ್ಟೋಬರ್ 22ರಂದು ತೊಂಬತ್ತಾರನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಫ್ರಾಂಕೋ ಸತ್ತುದು ಅದಕ್ಕೆ ಎರಡು ವರ್ಷದ ತರುವಾಯ. 1979ರಲ್ಲಿ ಕಸಾಲ್ಸರ ದೇಹಾವಶೇಷವನ್ನು ಎಲ್ ವೆಂದ್ರೆಲ್‌ಗೆ ತಂದು ಮಣ್ಣು ಮಾಡಿದರು. ಪ್ರಾದ್‌ನ ಉತ್ಸವವು ಅವರ ಹೆಸರಿನಲ್ಲಿಯೇ ಇಂದಿಗೂ ಬೇಸಗೆಯಲ್ಲಿ ನಡೆಯುತ್ತದೆ. ಕ್ಯೂಷಾ ಮಠದಲ್ಲಿ ಇಂದಿಗೂ ಪರದೇಶದ ಅತಿಥಿಗಳು ನುಡಿಸುತ್ತಾರೆ.

ಕೇಳಬೇಕೆಂಬ ಮನಸ್ಸುಳ್ಳ ವಾಚಕರು ರಾತ್ರಿ ಮನೆಯವರ ಊಟವಾದ ಮೇಲೆ, ದೀಪವನ್ನು ಸಣ್ಣದು ಮಾಡಿ, ಮೊದಲು ಒಂಟಿ ಚೆಲ್ಲೋವಿನ ಮೊದಲನೆಯ ಮಾಲಿಕೆಯನ್ನು ಕೇಳಲಿ. ಕೃತಿಯು ಚಿಕ್ಕದು, ಇಪ್ಪತ್ತು ನಿಮಿಷವೂ ಹಿಡಿಯದು. ಷೂಬರ್ಟನ ಪಂಚವಾದ್ಯವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಲಿ. ಪ್ರಾದ್‌ನ ಮುದ್ರಿಕೆಗಳಲ್ಲಿ ವಾದ್ಯಗಳ ನಡುವೆ ಯಾರೋ ನರಳಿದಂತೆ, ಗುನುಗಿದಂತೆ ಒಂದು ಸದ್ದು ಆಗಾಗ ಕೇಳಿಸುತ್ತದೆ. ಯಂತ್ರವು ಕೆಟ್ಟಿತೆಂದು ನಾನು ಮೊದಲು ಅದನ್ನು ನಿಲ್ಲಿಸಿಬಿಟ್ಟಿದ್ದೆನು. ಅದು ಕಸಾಲ್ಸರ ಕಂಠವೆಂದು ಶಿಷ್ಯನು ಆಮೇಲೆ ತಿಳಿಸಿದನು. ನುಡಿಸುವಾಗ ಅವರು ತಮಗೆ ಅರಿವಿಲ್ಲದೆಯೇ ಜತೆಗೆ ಹಾಡಿಕೊಳ್ಳುತ್ತಿದ್ದರಂತೆ.